ಗರ್ಭಿಣಿಯ ತೃಪ್ತಿ ಮತ್ತು ಸೂಲಗಿತ್ತಿಯ ಮಾತು: ಬ್ರಿಟನ್ನಿನ ಕೆಲವು ಆಧಾರಗಳ ವಿಮರ್ಶೆ

೧

ಗರ್ಭಿಣಿಯರಿಗೆ ದೊರೆಯುವ ಆರೈಕೆ ಹೇಗಿದೆಯೆಂಬುದನ್ನು ತಿಳಿಯಬೇಕಾದರೆ ಗರ್ಭಿಣಿಯರನ್ನೇ ಕೇಳಬೇಕೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ಆಸ್ಪತ್ರೆಯವರೂ ಸರಕಾರದವರೂ ಸಂಶೋಧಕರೂ ಪ್ರಶ್ನಾವಳಿಗಳನ್ನು ಹಂಚುತ್ತಾರೆ. ದೊರೆತ ಆರೈಕೆ ತೃಪ್ತಿಕರವಾಗಿತ್ತೇ ಎಂದು ವಿಚಾರಿಸುತ್ತಾರೆ. ಬಂದ ಉತ್ತರಗಳನ್ನು ಕೂಡಿಸಿ ಶೇಕಡಾವಾರು ಲೆಕ್ಕ ಕಟ್ಟುತ್ತಾರೆ. ಇಂಥ ಅಧ್ಯಯನಗಳಲ್ಲಿ ಪದೇ ಪದೇ ಕಾಣಬರುವ ನಿರ್ಣಯವೊಂದುಂಟು. ಸೂಲಗಿತ್ತಿಯು ಸೌಜನ್ಯದಿಂದ ಮಾತನಾಡಿದರೆ, ಕೇಳಿದ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಹೇಳಿದರೆ, ಗರ್ಭಿಣಿಯ ತೃಪ್ತಿ ಹೆಚ್ಚುತ್ತದೆ ಎಂಬುದೇ ಆ ನಿರ್ಣಯ. ಇದು ಸುಳ್ಳೆಂದು ಸಾಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಇದು ಅರ್ಧ ಸತ್ಯವೆಂದು ತೋರಿಸುವುದು ಮಾತ್ರ ಉದ್ದೇಶ.

ಒಂದು ದಾನಶಾಸನವನ್ನು ಓದುವ ಇತಿಹಾಸಕಾರನು ಅದನ್ನು ಬರೆಸಿದವರಾರು, ಯಾರು ಓದಲೆಂದು ಬರೆಸಿದರು, ಹೇಳದೆ ಬಿಟ್ಟುದೇನು ಎಂದು ಮೊದಲು ವಿಚಾರಿಸುತ್ತಾನೆ. ಶಾಸನದಲ್ಲಿ ಅರಸನನ್ನು ಹೊಗಳಿದೆಯೆಂಬ ಮಾತ್ರಕ್ಕೆ ಪ್ರಜೆಗಳು ಸುಖವಾಗಿದ್ದರೆಂದು ಬರೆದುಬಿಡುವುದಿಲ್ಲ. ಗರ್ಭಿಣಿಯ ‘ತೃಪ್ತಿ’ಯೂ ಒಂದು ದಾಖಲೆಯೇ ಸರಿ. ಅದಕ್ಕೂ ಇದೇ ಪರೀಕ್ಷೆ ಸಲ್ಲಬೇಕು. ಹಾಗೆ ಪರೀಕ್ಷಿಸಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಸೂಲಗಿತ್ತಿಯ ಮಾತು ತೃಪ್ತಿಯನ್ನು ಹೆಚ್ಚಿಸುವ ಹಲವು ಕಾರಣಗಳಲ್ಲಿ ಒಂದೆಂದು ಹೇಳಿದರೆ ಸಾಲದು. ಯಾವ ಕೋಲಿನಿಂದ ಗರ್ಭಿಣಿಯು ತನಗೆ ದೊರೆತ ಆರೈಕೆಯನ್ನು ಅಳೆಯುತ್ತಾಳೆಯೋ ಆ ಅಳತೆಗೋಲನ್ನೇ ಅವಳ ಕೈಗೆ ಕೊಡುವುದು, ಅಥವಾ ಕೊಡದೆ ಇರುವುದು, ಆ ಮಾತು. ತನಗೆ ಸಲ್ಲಬೇಕಾದುದೇನು ಎಂಬುದನ್ನು ಯಾರೂ ತಿಳಿಸದಿದ್ದರೆ, ಸಂದದ್ದನ್ನೇ ಅವಳು ಸಾಕೆನ್ನುತ್ತಾಳೆ. ಆ ‘ಸಾಕು’ ಎಂಬುದನ್ನು ಆರೈಕೆಯ ಗುಣಕ್ಕೆ ಪ್ರಮಾಣವೆಂದು ಹಿಡಿದಲ್ಲಿ ಅಜ್ಞಾನವನ್ನೇ ಪ್ರಮಾಣವೆಂದು ಹಿಡಿದಂತಾಗುತ್ತದೆ.

ಈ ವಿಷಯವನ್ನು ಪರಿಶೀಲಿಸಲು ಬ್ರಿಟನ್ನಿನ ಆಧಾರಗಳನ್ನು ಆರಿಸಿಕೊಂಡಿದೆ. ಒಂದು ಶತಮಾನಕ್ಕೂ ಮಿಗಿಲಾದ ಕಾಲದಲ್ಲಿ ಅಲ್ಲಿನ ತಾಯಂದಿರು ತಾವೇ ಬರೆದ ಪತ್ರಗಳು, ಸರಕಾರದ ವರದಿಗಳು, ಸಂಶೋಧಕರ ಅಧ್ಯಯನಗಳು, ನ್ಯಾಯಾಲಯದ ತೀರ್ಪು, ಹೀಗೆ ನಾಲ್ಕು ಬಗೆಯ ಸಾಕ್ಷ್ಯ ನಮಗೆ ದೊರೆಯುತ್ತದೆ. ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡುವ ಅನುಕೂಲವಿದೆ.

ಪದದ ವಿಷಯವಾಗಿ ಒಂದು ಮಾತು. ನಮ್ಮ ‘ಸೂಲಗಿತ್ತಿ’ ಎಂಬ ಶಬ್ದ ಹೆರಿಗೆ ಎಂಬರ್ಥದ ‘ಸೂಲು’ ಎಂಬುದರಿಂದ ಬಂದಿದೆ. ಅದು ಆಕೆಯ ಕೆಲಸವನ್ನು ಹೇಳುತ್ತದೆ. ಇಂಗ್ಲಿಷಿನ ‘ಮಿಡ್‌ವೈಫ್’ ಎಂಬುದರಲ್ಲಿ ‘ಮಿಡ್’ ಎಂದರೆ ಜೊತೆಗೆ, ‘ವೈಫ್’ ಎಂದರೆ ಹೆಂಗಸು. ಹೆಂಗಸಿನ ಜೊತೆಗಿರುವವಳು ಎಂಬುದು ಅದರ ಮೂಲಾರ್ಥ. ಈ ಲೇಖನದಲ್ಲಿ ‘ಸೂಲಗಿತ್ತಿ’ ಎಂಬ ಪದವನ್ನು, ಶಿಕ್ಷಣ ಪಡೆದು ಅಧಿಕೃತ ಪಟ್ಟಿಯಲ್ಲಿ ಹೆಸರು ದಾಖಲಾದ ವೃತ್ತಿನಿರತಳು ಎಂಬರ್ಥದಲ್ಲಿ ಬಳಸಿದೆ. ಜೊತೆಗಿರುವುದೆಂದರೆ ಬರಿಯ ಹತ್ತಿರವಿರುವುದೋ, ಮಾತಿಗೆ ಸಿಕ್ಕುವುದೋ ಎಂಬುದೇ ಮುಂದಿನ ವಿಚಾರದ ತಿರುಳು.

೨

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸೂಲಗಿತ್ತಿಯ ವೃತ್ತಿಯನ್ನು ಕಾನೂನಿನ ಕಟ್ಟಿಗೆ ತಂದುದು ೧೯೦೨ರ ಸೂಲಗಿತ್ತಿಯರ ಕಾಯಿದೆ. ಅದರಿಂದ ಕೇಂದ್ರ ಸೂಲಗಿತ್ತಿಯರ ಮಂಡಲಿ ಹುಟ್ಟಿತು. ೧೯೦೫ರಿಂದ ಪ್ರಮಾಣಪತ್ರವಿಲ್ಲದವರು ಆ ಹೆಸರನ್ನು ಹೇಳಿಕೊಳ್ಳುವಂತಿರಲಿಲ್ಲ. ೧೯೧೦ರಿಂದ ವೈದ್ಯರ ನಿರ್ದೇಶನವಿಲ್ಲದೆ ಸಂಪಾದನೆಗಾಗಿ ಹೆರಿಗೆ ಮಾಡಿಸುವುದನ್ನು ರೂಢಿಯಾಗಿ ನಡೆಸುವಂತಿರಲಿಲ್ಲ. ಮಂಡಲಿಯ ನಿಯಮಗಳು ಶುಚಿತ್ವ, ಉಡುಪು, ಸಲಕರಣೆಯ ಚೀಲ, ವೈದ್ಯನನ್ನು ಕರೆಸಬೇಕಾದ ಸಂದರ್ಭ, ದಾಖಲೆ ಪುಸ್ತಕ ಇವುಗಳನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸಿದವು. ಅನೇಕ ತಾಯಂದಿರ ಪ್ರಾಣ ಹೊಲಸು ಕೈಗಳ ದೆಸೆಯಿಂದ ಹೋಗುತ್ತಿದ್ದ ಕಾಲದಲ್ಲಿ ಇವು ಅತ್ಯಗತ್ಯವಾದ ನಿಯಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೇಲ್ವಿಚಾರಣೆಯ ಸ್ವಭಾವವನ್ನು ಇಲ್ಲಿ ಗಮನಿಸಬೇಕು. ಚೀಲವನ್ನು ಬಿಚ್ಚಿ ನೋಡಬಹುದು, ದಾಖಲೆ ಪುಸ್ತಕವನ್ನು ತಿರುವಿ ನೋಡಬಹುದು. ಸೂಲಗಿತ್ತಿ ಆಡಿದ ಮಾತನ್ನು ಹಾಗೆ ತೆಗೆದು ನೋಡಲು ಬರುವುದಿಲ್ಲ.

ಹೆರಿಗೆಗೆ ಮುಂಚಿನ ಆರೈಕೆಯೆಂಬ ಕಲ್ಪನೆಗೆ ರೂಪ ಬಂದುದೂ ಇದೇ ಸುಮಾರಿಗೆ. ಎಡಿನ್‌ಬರೊ ನಗರದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್ ಅವರು ಗರ್ಭಿಣಿಯರಿಗಾಗಿಯೇ ಆಸ್ಪತ್ರೆಯ ಸೌಲಭ್ಯವಿರಬೇಕೆಂದು ೧೯೦೧ರಲ್ಲಿ ವಾದಿಸಿದರು. ಅದೇ ವರ್ಷ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಇದಕ್ಕಾಗಿ ಮೀಸಲಾಯಿತು. ೧೯೧೪ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಆಡಳಿತ ಮಂಡಲಿ ತಾಯಿ ಮತ್ತು ಮಕ್ಕಳ ಆರೈಕೆಯ ಯೋಜನೆಗಳನ್ನು ಕೈಗೊಳ್ಳುವಂತೆ ಸ್ಥಳೀಯ ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತು. ೧೯೨೯ರಲ್ಲಿ ಆರೋಗ್ಯ ಸಚಿವಾಲಯವು ಗರ್ಭಿಣಿಯರ ತಪಾಸಣಾ ಕೇಂದ್ರಗಳನ್ನು ಕುರಿತು ಹೊರಡಿಸಿದ ಟಿಪ್ಪಣಿಯಲ್ಲಿ ಭೇಟಿಗಳ ವೇಳಾಪಟ್ಟಿ ನಿಶ್ಚಿತವಾಯಿತು: ಮೊದಲು ೧೬ನೆಯ ವಾರ, ಬಳಿಕ ೨೪ ಮತ್ತು ೨೮ನೆಯ ವಾರ, ಆಮೇಲೆ ೩೬ನೆಯ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಅನಂತರ ವಾರಕ್ಕೊಮ್ಮೆ. ಹಲವು ದಶಕಗಳ ಕಾಲ ಈ ಚೌಕಟ್ಟು ಹೆಚ್ಚು ಬದಲಾಗದೆ ಉಳಿಯಿತು. ಗರ್ಭಿಣಿ ಯಾವಾಗ ಬರಬೇಕೆಂಬುದು ಹೀಗೆ ಗೊತ್ತಾಯಿತು. ಬಂದವಳೊಡನೆ ಏನು ಮಾತನಾಡಬೇಕು, ಅವಳು ಏನು ಕೇಳಬಹುದು ಎಂಬುದು ವೇಳಾಪಟ್ಟಿಯಿಂದ ಗೊತ್ತಾಗುವ ವಿಷಯವಲ್ಲ.

೩

ತಾಯಂದಿರ ಸ್ವಂತ ಮಾತಿಗೆ ಬರೋಣ. ೧೯೧೫ರಲ್ಲಿ ಲಂಡನ್ನಿನಲ್ಲಿ ‘ಮೆಟರ್ನಿಟಿ’ ಎಂಬ ಗ್ರಂಥ ಪ್ರಕಟವಾಯಿತು. ಕಾರ್ಮಿಕ ವರ್ಗದ ಮಹಿಳೆಯರು ತಮ್ಮ ಬಸಿರು ಬಾಣಂತನಗಳನ್ನು ಕುರಿತು ಬರೆದ ಪತ್ರಗಳ ಸಂಗ್ರಹ ಅದು. ೧೮೮೩ರಲ್ಲಿ ಸ್ಥಾಪಿತವಾದ ಮಹಿಳಾ ಸಹಕಾರಿ ಸಂಘವು ಇವನ್ನು ಸಂಗ್ರಹಿಸಿತು; ಸಂಘದ ಪ್ರಧಾನ ಕಾರ್ಯದರ್ಶಿನಿ ಮಾರ್ಗರೆಟ್ ಲೆವೆಲಿನ್ ಡೇವಿಸ್ ಅವರು ಸಂಪಾದಿಸಿದರು; ಹರ್ಬರ್ಟ್ ಸ್ಯಾಮ್ಯುಯೆಲ್ ಅವರು ಮುನ್ನುಡಿ ಬರೆದರು. ಬಂದ ಪತ್ರಗಳು ೩೮೬, ಅಚ್ಚಾದವು ೧೬೦. ಪತ್ರಗಳಲ್ಲಿ ಬರೆದವರ ಹೆಸರಿಲ್ಲ. ಗಂಡನ ಕೂಲಿ, ಮಕ್ಕಳ ಸಂಖ್ಯೆ ಮುಂತಾದ ವಿವರಗಳನ್ನು ಕೊಟ್ಟಿದೆ.

ಈ ಪತ್ರಗಳನ್ನು ಓದಿದವರು ಮರೆಯಲಾರದ ಒಂದು ಸಂಗತಿಯಿದೆ. ಬಡತನ, ಬಿಡುವಿಲ್ಲದ ದುಡಿಮೆ, ಮೇಲಿಂದ ಮೇಲೆ ಬಸಿರು, ಇವುಗಳ ಬಗೆಗೆ ಮಹಿಳೆಯರು ದೂರುತ್ತಾರೆ, ನಿಜ. ಆದರೆ ಇವೆಲ್ಲದರ ನಡುವೆ ಮತ್ತೆ ಮತ್ತೆ ಕೇಳಿಬರುವ ದೂರು ತಿಳಿವಳಿಕೆಯಿಲ್ಲದಿದ್ದುದನ್ನು ಕುರಿತದ್ದು. ತಮಗೆ ಯಾರೂ ಹೇಳಲಿಲ್ಲ. ಗೊತ್ತಿದ್ದರೆ ಇಷ್ಟು ಕಷ್ಟಪಡಬೇಕಾಗಿರಲಿಲ್ಲ. ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಸಹಜವೆಂದು ತಿಳಿದು ಸಹಿಸಿದೆವು ಎಂಬುದು ಅನೇಕ ಪತ್ರಗಳ ಸಾರ.

ಇಲ್ಲಿ ವಿಮರ್ಶಕನು ನಿಂತು ಯೋಚಿಸಬೇಕು. ಈ ಮಹಿಳೆಯರಿಗೆ ತಮ್ಮ ಅನುಭವದಲ್ಲಿ ಕೊರತೆಯಿತ್ತೆಂಬುದು ಹೊಳೆದುದು ಯಾವಾಗ? ಬಸಿರಿನ ಕಾಲದಲ್ಲಿ ಅಲ್ಲ, ಬಹಳ ವರ್ಷಗಳ ಮೇಲೆ. ಸಹಿಸುತ್ತಿದ್ದ ಕಾಲದಲ್ಲಿ ಅದು ಹೆಣ್ಣಿನ ಪಾಡೆಂದು ಅವರು ನಂಬಿದ್ದರು. ಅಂದು ಯಾರಾದರೂ ಹಾಸಿಗೆಯ ಬಳಿ ನಿಂತು ತೃಪ್ತಿಯೇ ಎಂದು ಕೇಳಿದ್ದರೆ, ಹೌದೆಂಬ ಉತ್ತರವೇ ಹಲವರಿಂದ ಬರುತ್ತಿತ್ತೆಂದು ಊಹಿಸುವುದು ತಪ್ಪಾಗಲಾರದು. ಬಳಿಕ ಅವರು ಸಂಘದ ಸಭೆಗಳಿಗೆ ಹೋದರು. ೧೯೧೧ರ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿ ಹೆರಿಗೆಗೆ ೩೦ ಷಿಲಿಂಗುಗಳ ಭತ್ಯ ಸೇರಿದಾಗಲೂ, ೧೯೧೩ರಲ್ಲಿ ಆ ಹಣ ತಾಯಿಯದೇ ಎಂದು ಕಾನೂನು ತಿದ್ದುಪಡಿಯಾದಾಗಲೂ, ಅದಕ್ಕಾಗಿ ಹೋರಾಡಿದವರಲ್ಲಿ ಈ ಸಂಘದವರು ಮುಂದಿದ್ದರು. ತಾಯಿಯ ಆರೈಕೆ ಹೇಗಿರಬಹುದು ಎಂಬ ಚರ್ಚೆ ಅವರ ಕಿವಿಗೆ ಬಿತ್ತು. ಆಗ ಹಿಂದಿನದು ಬೇರೆಯಾಗಿ ಕಂಡಿತು. ಎಂದರೆ, ೧೯೧೫ರ ಅತೃಪ್ತಿ ತಿಳಿವಳಿಕೆಯಿಂದ ಹುಟ್ಟಿದ ಅತೃಪ್ತಿ. ಸೂಲಗಿತ್ತಿ ಆಡಬಹುದಾಗಿದ್ದ ಮಾತನ್ನು ಸಂಘವು ಹಲವು ವರ್ಷ ತಡವಾಗಿ ಆಡಿತು.

ಈ ಗ್ರಂಥಕ್ಕೆ ಮಿತಿಗಳಿವೆ. ಪತ್ರ ಬರೆದವರು ಸಂಘದಲ್ಲಿ ಹೊಣೆ ಹೊತ್ತಿದ್ದವರು ಅಥವಾ ಹಿಂದೆ ಹೊತ್ತಿದ್ದವರು. ಕಾರ್ಮಿಕ ವರ್ಗದಲ್ಲಿಯೂ ತಕ್ಕಮಟ್ಟಿಗೆ ಅನುಕೂಲವಂತರು. ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಅಚ್ಚಾಗಲಿಲ್ಲ. ಸಂಪಾದಕರಿಗೆ ರಾಜಕೀಯ ಉದ್ದೇಶವೊಂದು ಸ್ಪಷ್ಟವಾಗಿ ಇತ್ತು. ಈ ಕಾರಣಗಳಿಂದ ಇದನ್ನು ಇಡೀ ದೇಶದ ತಾಯಂದಿರ ಜನಗಣತಿಯೆಂದು ಭಾವಿಸಲಾಗದು. ಆದರೂ ಪ್ರಶ್ನಾವಳಿಗಳಿಗೆ ಇಲ್ಲದ ಒಂದು ಗುಣ ಇದಕ್ಕಿದೆ. ಇಲ್ಲಿ ಕೇಳಿದವಳು ಸೇವೆ ಒದಗಿಸಿದವಳಲ್ಲ, ವಿಶ್ವಾಸದ ಗೆಳತಿ. ಕೇಳಿದ ಪ್ರಶ್ನೆಯೂ ತೃಪ್ತಿಯನ್ನು ಕುರಿತದ್ದಲ್ಲ. ಮಕ್ಕಳೆಷ್ಟು, ಎಷ್ಟು ಅಂತರದಲ್ಲಿ ಹುಟ್ಟಿದರು, ಸತ್ತುಹುಟ್ಟಿದವೆಷ್ಟು, ಗರ್ಭಪಾತಗಳೆಷ್ಟು ಎಂಬುದನ್ನು ಕುರಿತದ್ದು. ನಡೆದುದನ್ನು ಹೇಳೆಂದಾಗ ಮಹಿಳೆಯರು ನೋವನ್ನೂ ಹೇಳಿದರು. ಇದು ಮುಂದಿನ ಸಂಶೋಧಕರು ಗಮನದಲ್ಲಿಡಬೇಕಾದ ಪಾಠ.

೪

೧೯೪೮ರ ಜುಲೈ ೫ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಹಣದ ಅಡಚಣೆ ತಪ್ಪಿತು. ಕ್ರಮೇಣ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸಾಗಿತು. ಈ ಬೆಳವಣಿಗೆಯ ಇತಿಹಾಸವನ್ನು ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಅವರು ೧೯೮೪ರ ‘ದಿ ಕ್ಯಾಪ್ಚರ್ಡ್ ವೂಂಬ್’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಗರ್ಭಿಣಿಯರ ಅಭಿಪ್ರಾಯವನ್ನು ಕ್ರಮವಾಗಿ ಕೇಳುವ ಪದ್ಧತಿ ಬಲವಾದುದೂ ಈ ಕಾಲದಲ್ಲಿಯೇ.

ಅದೇ ೧೯೮೪ರಲ್ಲಿ ಮಾರೀನ್ ಪೋರ್ಟರ್ ಮತ್ತು ಸ್ಯಾಲಿ ಮ್ಯಾಕಿನ್‌ಟೈರ್ ಎಂಬ ಇಬ್ಬರು ಸಂಶೋಧಕಿಯರು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ನಡೆದ ಅಧ್ಯಯನಗಳನ್ನು ಆಧರಿಸಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಇರುವುದೇ ಎಲ್ಲಕ್ಕಿಂತ ಲೇಸಾಗಿರಬೇಕು ಎಂಬರ್ಥದ ಶೀರ್ಷಿಕೆ ಅದಕ್ಕಿದೆ. ಹೆರಿಗೆಗೆ ಮುಂಚಿನ ಆರೈಕೆಯಲ್ಲಿ ಬೇರೆ ಬೇರೆ ಏರ್ಪಾಡುಗಳಿಗೆ ಒಳಗಾದ ಮಹಿಳೆಯರನ್ನು ಕೇಳಿದಾಗ, ಸಾಮಾನ್ಯವಾಗಿ ಪ್ರತಿಯೊಂದು ಗುಂಪಿನವರೂ ತಮಗೆ ಯಾವುದು ದೊರೆತಿತ್ತೋ ಅದನ್ನೇ ಮೆಚ್ಚಿದರು. ದೊರೆಯದ ಏರ್ಪಾಡು ಹೇಗಿರುತ್ತದೆಂಬುದನ್ನು ಅವರು ಕಂಡಿರಲಿಲ್ಲ. ತಮಗೆ ಗೊತ್ತುಮಾಡಿದವರು ಯೋಚಿಸಿಯೇ ಮಾಡಿರುತ್ತಾರೆಂಬ ಗೌರವವೂ ಇತ್ತು. ಹೀಗಿರಲಾಗಿ, ಯಾವ ಏರ್ಪಾಡನ್ನು ಕುರಿತು ಕೇಳಿದರೂ ಅದಕ್ಕೆ ಮೆಚ್ಚುಗೆ ಬರುವ ಸಂಭವವೇ ಹೆಚ್ಚು.

ಪುಟಗಳ ಸಂಖ್ಯೆಯಲ್ಲಿ ಸಣ್ಣದಾದ ಈ ಲೇಖನ, ತೃಪ್ತಿಯ ಅಂಕಿಗಳ ಮೇಲೆ ಕಟ್ಟಿದ ಎಷ್ಟೋ ಗೋಪುರಗಳ ತಳಪಾಯವನ್ನು ಅಲುಗಿಸುತ್ತದೆ. ಹಳೆಯ ಪದ್ಧತಿಯನ್ನು ಸಮರ್ಥಿಸುವವನು ತೃಪ್ತಿಯ ಲೆಕ್ಕ ತೋರಿಸಬಹುದು. ಹೊಸ ಪದ್ಧತಿಯನ್ನು ತರುವವನೂ ಅದೇ ಲೆಕ್ಕ ತೋರಿಸಬಹುದು. ಇಬ್ಬರ ಲೆಕ್ಕವೂ ಸರಿ. ಇಬ್ಬರ ತೀರ್ಮಾನವೂ ಸಂಶಯಾಸ್ಪದ. ಗರ್ಭಿಣಿಯರ ಮಾತಿಗೆ ಬೆಲೆಯಿಲ್ಲವೆಂಬುದು ಇದರ ಅರ್ಥವಲ್ಲ. ಹೋಲಿಸಿ ನೋಡುವ ಸಾಮಗ್ರಿಯನ್ನು ಕೊಡದೆ ತೀರ್ಪು ಕೇಳಿದವರ ಪ್ರಶ್ನೆಗೆ ಬೆಲೆಯಿಲ್ಲವೆಂಬುದು ಅರ್ಥ.

೫

ಆ ಸಾಮಗ್ರಿಯನ್ನು ಕೊಡಬಲ್ಲವಳು ಗರ್ಭಿಣಿಯನ್ನು ಮೊದಲು ಭೇಟಿಯಾಗುವ ಸೂಲಗಿತ್ತಿ. ಆ ಭೇಟಿಯಲ್ಲಿ ನಡೆಯುವುದೇನು? ರೋಸ್‌ಮೆರಿ ಮೆಥ್ವೆನ್ ಎಂಬ ಸಂಶೋಧಕಿ ೧೯೮೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮೊದಲ ಸಂದರ್ಶನವನ್ನೇ ಪರೀಕ್ಷೆಗೆ ಎತ್ತಿಕೊಂಡರು. ಹಿಂದಿನ ಬಸಿರುಗಳ ವೃತ್ತಾಂತವನ್ನು ದಾಖಲಿಸುವುದೋ, ಎದುರಿಗಿರುವ ಹೆಂಗಸಿನೊಡನೆ ಸಂಬಂಧ ಬೆಳೆಸುವುದೋ ಎಂಬ ಪ್ರಶ್ನೆಯನ್ನು ಅವರು ಶೀರ್ಷಿಕೆಯಲ್ಲಿಯೇ ಇಟ್ಟಿದ್ದಾರೆ. ಅವರು ಕಂಡದ್ದು ಬಹುಮಟ್ಟಿಗೆ ನಮೂನೆ ತುಂಬುವ ಕೆಲಸ. ಹೌದು ಅಥವಾ ಇಲ್ಲವೆಂದು ಮುಗಿಯುವ ಪ್ರಶ್ನೆಗಳು. ಕಾಗದದ ಮೇಲಿನ ಖಾಲಿ ಜಾಗವೇ ಸಂಭಾಷಣೆಯ ಕ್ರಮವನ್ನು ಗೊತ್ತುಮಾಡುತ್ತಿತ್ತು. ಮೇವಿಸ್ ಕರ್ಕಮ್ ಅವರು ಹೆರಿಗೆಯ ಕೋಣೆಯಲ್ಲಿ ನಡೆಸಿದ ಅವಲೋಕನದಲ್ಲಿಯೂ ಇದಕ್ಕೆ ಹೊಂದುವ ಚಿತ್ರವಿದೆ. ಮಹಿಳೆಯರು ತಿಳಿಯಬಯಸುತ್ತಾರೆ, ಸಿಬ್ಬಂದಿ ಮಾತನ್ನು ಬೇರೆಡೆಗೆ ತಿರುಗಿಸುತ್ತಾರೆ, ಮೇಲಧಿಕಾರಿಗಳು ಎದುರಿಗಿದ್ದಾಗಲಂತೂ ಇನ್ನೂ ಬಿಗಿಯಾಗುತ್ತಾರೆ. ಇದು ಹೆರಿಗೆಯ ಹೊತ್ತಿನ ಸಂಗತಿ, ಪೂರ್ವದ್ದಲ್ಲ. ಆದರೂ ಮಾತು ತಡೆಯಲ್ಪಡುವ ಬಗೆ ಒಂದೇ. ಕೆಳಗಿನ ವರ್ಗದ ಮಹಿಳೆಗೆ ತಿಳಿಯುವ ಆಸೆ ಕಡಿಮೆಯೆಂಬ ಭಾವನೆಯಿಂದ ಅವರಿಗೆ ಇನ್ನೂ ಕಡಿಮೆ ಹೇಳುತ್ತಿದ್ದುದು ಈ ಅವಲೋಕನದ ಕಹಿಯಾದ ಭಾಗ.

ಇದಕ್ಕೆ ಪ್ರತಿಯಾಗಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಫ್ಲಿಂಟ್ ಅವರು ೧೯೮೩ರಿಂದ ೧೯೮೫ರವರೆಗೆ ನಡೆಸಿದ ಪ್ರಯೋಗವನ್ನು ನೋಡಬೇಕು. ‘ನಿಮ್ಮ ಸೂಲಗಿತ್ತಿಯನ್ನು ಅರಿಯಿರಿ’ ಎಂಬರ್ಥದ ಹೆಸರಿನ ಯೋಜನೆ ಅದು. ಒಟ್ಟು ೧೦೦೧ ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಎಂದಿನ ಆರೈಕೆಯನ್ನೂ ಇನ್ನೊಂದಕ್ಕೆ ನಾಲ್ವರೇ ಸೂಲಗಿತ್ತಿಯರ ತಂಡದಿಂದ ಬಸಿರಿನಿಂದ ಬಾಣಂತನದವರೆಗೆ ಆರೈಕೆಯನ್ನೂ ಒದಗಿಸಲಾಯಿತು. ೧೯೮೯ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರಿಚಿತ ಸೂಲಗಿತ್ತಿಯರ ಗುಂಪಿನವರು ತಮ್ಮ ಆತಂಕಗಳನ್ನು ಹೆಚ್ಚು ಸಲೀಸಾಗಿ ಹೇಳಿಕೊಂಡರು, ಹೆಚ್ಚು ತೃಪ್ತರಾಗಿದ್ದರು.

ಈ ಎರಡು ಫಲಗಳಲ್ಲಿ ಎರಡನೆಯದನ್ನೇ ಎಲ್ಲರೂ ಎತ್ತಿ ಹೇಳುವುದು ರೂಢಿಯಾಯಿತು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದೇ ಮುಖ್ಯ. ಆತಂಕವನ್ನು ಹೇಳಿಕೊಳ್ಳಲು ಅವಕಾಶವಿದ್ದುದು ಕಾರಣ; ತೃಪ್ತಿ ಅದರ ಕಾರ್ಯ. ಕಾರ್ಯವನ್ನು ಮಾತ್ರ ಎಣಿಸಿ ಕಾರಣವನ್ನು ಬಿಟ್ಟರೆ, ಬೇರೆ ಅಗ್ಗದ ಉಪಾಯಗಳಿಂದಲೂ ಅದೇ ತೃಪ್ತಿಯನ್ನು ದೊರಕಿಸಬಹುದೆಂಬ ಭ್ರಾಂತಿ ಹುಟ್ಟುತ್ತದೆ. ಮುಂದೆ ಆದುದು ಇದೇ.

೬

೧೯೯೨ರಲ್ಲಿ ಬ್ರಿಟಿಷ್ ಸಂಸತ್ತಿನ ಆರೋಗ್ಯ ಸಮಿತಿ, ನಿಕೋಲಸ್ ವಿಂಟರ್‌ಟನ್ ಅವರ ಅಧ್ಯಕ್ಷತೆಯಲ್ಲಿ, ಹೆರಿಗೆ ಸೇವೆಯನ್ನು ವಿಮರ್ಶಿಸಿ ವರದಿ ಕೊಟ್ಟಿತು. ಅದರ ಬೆನ್ನಿಗೆ ೧೯೯೩ರಲ್ಲಿ ಜೂಲಿಯಾ ಕಂಬರ್ಲೆಜ್ ಅವರ ನೇತೃತ್ವದ ತಂಡ ‘ಚೇಂಜಿಂಗ್ ಚೈಲ್ಡ್‌ಬರ್ತ್’ ಎಂಬ ವರದಿಯನ್ನು ಇಂಗ್ಲೆಂಡಿಗಾಗಿ ಸಿದ್ಧಪಡಿಸಿತು. ಹೆಂಗಸೇ ಸೇವೆಯ ಕೇಂದ್ರವೆಂದು ಸಾರಿದ ಈ ವರದಿಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಗರ್ಭಿಣಿ ತನ್ನ ದಾಖಲೆಗಳನ್ನು ತಾನೇ ಇಟ್ಟುಕೊಳ್ಳುವ ಹಕ್ಕನ್ನು ಅದು ಎತ್ತಿಹಿಡಿಯಿತು. ಐದು ವರ್ಷಗಳೊಳಗೆ ಶೇಕಡ ೭೫ರಷ್ಟು ಮಹಿಳೆಯರಿಗೆ ಹೆರಿಗೆ ಮಾಡಿಸುವವರು ಪರಿಚಿತರಾಗಿರಬೇಕೆಂಬ ಗುರಿಯನ್ನೂ ಇಟ್ಟಿತು.

ಆದರೆ ಪರಿಚಯವನ್ನು ಎಣಿಸಬಹುದು; ಮಾತಿನ ಗುಣವನ್ನು ಎಣಿಸುವುದು ಕಷ್ಟ. ಎಣಿಸಬಹುದಾದುದೇ ಗುರಿಯಾಯಿತು. ೨೦೦೦ದಲ್ಲಿ ಜೋಸೆಫೀನ್ ಗ್ರೀನ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಆಧಾರಗಳನ್ನು ತೂಗಿ ನೋಡಿ, ಹೆರಿಗೆಯ ವೇಳೆ ಮೊದಲೇ ಕಂಡ ಮುಖವಿತ್ತೆಂಬ ಮಾತ್ರಕ್ಕೆ ಮಹಿಳೆಯರ ತೃಪ್ತಿ ಹೆಚ್ಚಿತೆನ್ನಲು ಆಧಾರ ಸಾಲದೆಂದು ತೋರಿಸಿದರು. ಅಂತಃಕರಣ, ನೈಪುಣ್ಯ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ವಿರುದ್ಧವಾಗಿ ಹೇಳದಿರುವುದು, ಇವು ಮುಖ್ಯವೆಂಬುದು ಅವರ ಅಭಿಪ್ರಾಯ. ಮುಖಪರಿಚಯ ಮಾತಿಗೆ ದಾರಿ, ಮಾತೇ ಅಲ್ಲ.

ಇನ್ನೊಂದು ಉಪಾಯ ಕರಪತ್ರ. ಗರ್ಭಿಣಿಯರು ತಿಳಿದು ಆರಿಸಿಕೊಳ್ಳಲೆಂದು, ಸಂಶೋಧನೆಯ ಆಧಾರವುಳ್ಳ ಕರಪತ್ರಗಳನ್ನು ೧೯೯೬ರಿಂದ ಹೊರತರಲಾಯಿತು. ವೇಲ್ಸ್‌ನ ೧೩ ಹೆರಿಗೆ ಘಟಕಗಳಲ್ಲಿ ಅವುಗಳ ಪರಿಣಾಮವನ್ನು ಪರೀಕ್ಷಿಸಿ, ೨೦೦೨ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿದರು. ಈ ವಿಷಯದಲ್ಲಿ ಇಷ್ಟು ಬೋಧಪ್ರದವಾದ ಆಧಾರ ಇನ್ನೊಂದಿಲ್ಲ. ಮೊದಲನೆಯ ಲೇಖನದ ಪ್ರಕಾರ, ಕರಪತ್ರ ಕೊಟ್ಟ ಘಟಕಗಳಲ್ಲಿ ತಿಳಿದು ಆರಿಸಿಕೊಂಡೆವೆಂದು ಹೇಳಿದ ಮಹಿಳೆಯರ ಪ್ರಮಾಣ ಕೊಡದ ಘಟಕಗಳಿಗೆ ಹೋಲಿಸಿದರೆ ಹೆಚ್ಚಲಿಲ್ಲ. ಆದರೆ ಗರ್ಭಿಣಿಯರಲ್ಲಿ, ತಮಗೆ ದೊರೆತ ಮಾಹಿತಿಯ ಬಗೆಗಿನ ತೃಪ್ತಿ ಮಾತ್ರ ತುಸು ಹೆಚ್ಚಿತು! ಆಯ್ಕೆ ಇದ್ದಲ್ಲಿಯೇ ಇತ್ತು, ತೃಪ್ತಿ ಏರಿತು. ತೃಪ್ತಿಯ ಅಂಕಿಯನ್ನಷ್ಟೇ ನೋಡಿದವರು ಈ ಯೋಜನೆಯನ್ನು ಯಶಸ್ವಿಯೆಂದೇ ಕರೆಯುತ್ತಿದ್ದರು.

ಎರಡನೆಯ ಲೇಖನ ಹೆಲೆನ್ ಸ್ಟೇಪಲ್‌ಟನ್, ಮೇವಿಸ್ ಕರ್ಕಮ್ ಮತ್ತು ಗ್ವೆನನ್ ಥಾಮಸ್ ಅವರದು. ಅವರು ೮೮೬ ಭೇಟಿಗಳನ್ನು ಪಕ್ಕದಲ್ಲಿ ಕುಳಿತು ಗಮನಿಸಿದರು. ಕರಪತ್ರಗಳನ್ನು ಬೇರೆ ಕಾಗದಗಳ ಕಟ್ಟಿನೊಳಗೆ ಸೇರಿಸಿ ಕೊಡುತ್ತಿದ್ದರು. ಅವುಗಳ ವಿಷಯವಾಗಿ ಮಾತನಾಡಲು ಹೊತ್ತಿರಲಿಲ್ಲ. ಮೇಲಿನವರ ಇಷ್ಟವೇನೆಂಬುದು ಎಲ್ಲರಿಗೂ ಗೊತ್ತಿತ್ತು. ‘ಸರಿಯಾದ’ ಆಯ್ಕೆ ಯಾವುದೆಂಬುದು ಮಾತಿನ ಧಾಟಿಯಿಂದಲೇ ಗರ್ಭಿಣಿಗೆ ತಿಳಿಯುತ್ತಿತ್ತು. ತಿಳಿದು ಆರಿಸುವುದರ ಬದಲು ತಿಳಿದು ತಲೆಬಾಗುವುದು ಅಲ್ಲಿ ನಡೆಯಿತೆಂಬುದು ಅವರ ನಿರ್ಣಯ. ಇದಕ್ಕೆ ಸೂಲಗಿತ್ತಿಯರನ್ನು ಮಾತ್ರ ದೂಷಿಸುವುದು ಅನ್ಯಾಯ. ಹೊರಗೆ ಸಾಲಾಗಿ ಕಾದಿರುವ ಗರ್ಭಿಣಿಯರು, ಮೇಲೆ ಶ್ರೇಣಿ ಶ್ರೇಣಿಯಾದ ಅಧಿಕಾರ, ಹಿಂದೆ ನ್ಯಾಯಾಲಯದ ಭಯ, ಇವುಗಳ ನಡುವೆ ಸಿಕ್ಕಿದವಳಿಗೆ ತಾಳ್ಮೆಯಿಂದ ಮಾತನಾಡಬೇಕೆಂದು ಬೋಧಿಸುವುದು ಸುಲಭ. ತನ್ನ ಮಾತಿಗೇ ಬೆಲೆಯಿಲ್ಲದ ವ್ಯವಸ್ಥೆಯಲ್ಲಿ ಅವಳು ಇನ್ನೊಬ್ಬಳ ಮಾತಿಗೆ ಬೆಲೆ ಕೊಡುವುದು ಹೇಗೆ?

೭

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಹೆಚ್ಚು ತಿಳಿಸಿದರೆ ನಿರೀಕ್ಷೆ ಹೆಚ್ಚುತ್ತದೆ; ನಿರೀಕ್ಷೆ ಹೆಚ್ಚಿದರೆ ನಿರಾಶೆ ತಪ್ಪದು; ಆದ್ದರಿಂದ ಮಿತವಾಗಿ ಹೇಳುವುದೇ ದಯೆ ಎಂಬುದು. ನೋಡಲು ಇದು ಅನುಭವದ ಮಾತಿನಂತಿದೆ. ಆದರೆ ಮೇಲೆ ಹೇಳಿದ ಗ್ರೀನ್ ಅವರೇ ಇಬ್ಬರು ಸಂಗಡಿಗರೊಡನೆ ೮೨೫ ಮಹಿಳೆಯರನ್ನು ಹೆರಿಗೆಗೆ ಮುಂಚೆಯೂ ಬಳಿಕವೂ ವಿಚಾರಿಸಿ ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾಗಿದೆ. ಹೆಚ್ಚು ನಿರೀಕ್ಷಿಸಿದವರು ಹೆಚ್ಚು ನೊಂದರೆಂಬುದು ನಿಜವಾಗಲಿಲ್ಲ. ಕಡಿಮೆ ನಿರೀಕ್ಷಿಸಿದವರ ಮನಸ್ಥಿತಿಯೇ ಹೆರಿಗೆಯ ಬಳಿಕ ಕಡಿಮೆ ನೆಮ್ಮದಿಯದಾಗಿತ್ತು. ಆದ್ದರಿಂದ ‘ದಯೆಗಾಗಿ ಮೌನ’ ಎಂಬ ವಾದಕ್ಕೆ ಆಧಾರವಿಲ್ಲ.

ಆ ಮೌನದ ಬೆಲೆ ಎಷ್ಟೆಂಬುದನ್ನು ೨೦೧೫ರ ಮಾರ್ಚ್ ೧೧ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ‘ಮಾಂಟ್‌ಗೊಮರಿ’ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ತೋರಿಸುತ್ತದೆ. ಅಲ್ಲಿ ಮೌನವಾಗಿದ್ದವರು ಸೂಲಗಿತ್ತಿಯಲ್ಲ, ತಜ್ಞ ವೈದ್ಯೆ; ಆದರೂ ತತ್ತ್ವ ಒಂದೇ. ಗರ್ಭಿಣಿಗೆ ಮಧುಮೇಹವಿತ್ತು, ಎತ್ತರ ಕಡಿಮೆ. ಇಂಥವರಲ್ಲಿ ಹೆರಿಗೆಯ ವೇಳೆ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ ಒಂಬತ್ತು ಹತ್ತರಷ್ಟು. ಮಗು ದೊಡ್ಡದೆಂದು ಆಕೆ ತನ್ನ ಭಯವನ್ನು ಹೇಳಿಕೊಂಡಿದ್ದಳು. ಈ ಅಪಾಯವನ್ನು ತಿಳಿಸಿದರೆ ಮಹಿಳೆಯರು ಶಸ್ತ್ರಕ್ರಿಯೆಯನ್ನೇ ಕೇಳುತ್ತಾರೆಂಬ ಭಾವನೆಯಿಂದ ವೈದ್ಯೆ ಅದನ್ನು ತಿಳಿಸಲಿಲ್ಲ. ೧೯೯೯ರಲ್ಲಿ ಹುಟ್ಟಿದ ಮಗು ಭುಜ ಸಿಕ್ಕಿಕೊಂಡು ತೀವ್ರವಾದ ಊನಕ್ಕೆ ಗುರಿಯಾಯಿತು. ಆ ಗರ್ಭಿಣಿಯ ಸ್ಥಾನದಲ್ಲಿರುವ ವಿವೇಕಿಯೊಬ್ಬಳು ಯಾವ ಅಪಾಯವನ್ನು ಮುಖ್ಯವೆಂದು ಭಾವಿಸುವಳೋ ಅದನ್ನು ಅವಳಿಗೆ ತಿಳಿಸಲೇಬೇಕು, ತಿಳಿಸಬೇಕಾದುದೆಷ್ಟೆಂಬುದನ್ನು ವೈದ್ಯರ ವಾಡಿಕೆಯೊಂದೇ ನಿರ್ಣಯಿಸಲಾರದು ಎಂಬುದು ತೀರ್ಪಿನ ಸಾರ. ಅಪಾಯ ಎಲ್ಲರಿಗೂ ಫಲಿಸುವುದಿಲ್ಲ. ಹೀಗೆ ಏನೂ ತಿಳಿಯದೆ ಸುಖವಾಗಿ ಹೆತ್ತ ಮಹಿಳೆಯರು ಎಷ್ಟು ಮಂದಿಯೋ! ಅವರೆಲ್ಲ ಪ್ರಶ್ನಾವಳಿಯಲ್ಲಿ ‘ತೃಪ್ತಿ’ ಎಂದೇ ಬರೆದಿರುತ್ತಾರೆ. ಅವರ ತೃಪ್ತಿ ಸುಳ್ಳಲ್ಲ. ಆದರೆ ಅದು ಅದೃಷ್ಟಕ್ಕೆ ಸಾಕ್ಷಿ, ಆರೈಕೆಗಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಹೆಂಗಸರ ಮಾತನ್ನು ಕೇಳುವವರೇ ಇಲ್ಲದ ಕಾಲ ಕಳೆದು ಈಗ ಕೇಳುತ್ತಿರುವಾಗ, ಅವರ ತೃಪ್ತಿಯನ್ನು ಸಂಶಯಿಸುವುದು ಅವರ ಬಾಯಿಯನ್ನು ಮತ್ತೆ ಮುಚ್ಚಿಸಿದಂತೆ ಅಲ್ಲವೇ? ಇದಕ್ಕೆ ಉತ್ತರ ‘ಮೆಟರ್ನಿಟ ಿ’ಯ ಪತ್ರಗಳಲ್ಲಿಯೇ ಇದೆ. ಆ ಮಹಿಳೆಯರ ಮಾತನ್ನು ಕೇಳಿದವರು ಅವರಿಂದ ಒಂದು ಪದದ ಉತ್ತರವನ್ನು ಬಯಸಲಿಲ್ಲ. ನಡೆದುದನ್ನು ಬರೆಯಲು ಬಿಟ್ಟರು. ಸಾಕ್ಷಿಯನ್ನು ಗೌರವಿಸುವುದೆಂದರೆ ಅವಳು ಕಂಡುದನ್ನು ಕೇಳುವುದು. ಏನನ್ನೂ ತೋರಿಸದೆ ತೀರ್ಪನ್ನು ಮಾತ್ರ ಬರೆಸಿಕೊಳ್ಳುವುದು ಗೌರವವಲ್ಲ, ಅವಳ ಹೆಸರಿನಲ್ಲಿ ನಮಗೆ ನಾವೇ ಕೊಟ್ಟುಕೊಂಡ ಪ್ರಶಸ್ತಿ.

೮

ಇಷ್ಟರಿಂದ ಕೆಲವು ನಿರ್ಣಯಗಳು ಸಿದ್ಧಿಸುತ್ತವೆ. ಗರ್ಭಿಣಿಯ ತೃಪ್ತಿಯನ್ನು ಕುರಿತ ಯಾವ ಅಂಕಿಯನ್ನಾಗಲಿ ಓದುವಾಗ, ಕೇಳಿದವರು ಯಾರು, ಎಲ್ಲಿ ಮತ್ತು ಯಾವಾಗ ಕೇಳಿದರು, ಉತ್ತರ ಕೊಟ್ಟವಳಿಗೆ ಹೋಲಿಸಲು ಬೇರೇನು ತಿಳಿದಿತ್ತು ಎಂಬ ಮೂರು ಪ್ರಶ್ನೆಗಳನ್ನು ಹಾಕಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಬಹುಪಾಲು ಸೂಲಗಿತ್ತಿಯ ಮಾತಿನಲ್ಲಿದೆ. ಆದುದರಿಂದ ಮಾತನ್ನು ಒಂದು ಕಾರಣವೆಂದೂ ತೃಪ್ತಿಯನ್ನು ಒಂದು ಫಲವೆಂದೂ ಬೇರೆ ಬೇರೆಯಾಗಿ ಇಟ್ಟು ಗಣಿತ ಮಾಡುವ ಅಧ್ಯಯನಗಳು, ತಕ್ಕಡಿಯನ್ನು ಪರೀಕ್ಷಿಸದೆ ತೂಕವನ್ನು ಬರೆದಿಡುತ್ತವೆ.

ಈ ವಿಚಾರ ನಮಗೂ ಸಂಬಂಧಿಸಿದೆ. ೨೦೧೮ರಲ್ಲಿ ಭಾರತ ಸರಕಾರ ಸೂಲಗಿತ್ತಿಯರ ಸೇವೆಯನ್ನು ಕುರಿತು ಮಾರ್ಗಸೂಚಿಯನ್ನು ಹೊರಡಿಸಿ, ನೋಂದಾಯಿತ ದಾದಿಯರಿಗೆ ೧೮ ತಿಂಗಳ ವಿಶೇಷ ಶಿಕ್ಷಣ ಕೊಟ್ಟು ಹೊಸದೊಂದು ವೃತ್ತಿವರ್ಗವನ್ನು ಬೆಳೆಸುವ ಯೋಜನೆ ಹಾಕಿತು. ಇವರ ಕೆಲಸವನ್ನು ಅಳೆಯುವ ದಿನ ಬಂದೇ ಬರುತ್ತದೆ. ಆಗ ಬ್ರಿಟನ್ನಿನ ಪ್ರಶ್ನಾವಳಿಗಳನ್ನು ಹಾಗೆಯೇ ತಂದು ಹಂಚುವ ಮೋಹವೂ ಹುಟ್ಟಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಸರಕಾರಿ ಆಸ್ಪತ್ರೆಯ ‘ಸಿಸ್ಟರಮ್ಮ’ನ ಎದುರು ಕೊರತೆ ಹೇಳಲು ಹಿಂಜರಿಯುತ್ತಾರೆ, ಪಕ್ಕದಲ್ಲಿ ಅತ್ತೆಯೋ ಗಂಡನೋ ನಿಂತಿದ್ದರೆ ಕೇಳಬೇಕೆಂದು ಬಂದ ಪ್ರಶ್ನೆಯನ್ನೂ ನುಂಗಿಕೊಳ್ಳುತ್ತಾರೆ. ಅಬರ್ಡೀನಿನಲ್ಲಿ ಕಂಡ ದಾಕ್ಷಿಣ್ಯ ಇಲ್ಲಿ ಕಡಿಮೆಯಿರುತ್ತದೆಂದು ನಂಬಲು ಕಾರಣವಿಲ್ಲ.

ಇದಕ್ಕೆ ದಾರಿ ನಮ್ಮಲ್ಲಿಯೇ ಒಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ೨೦೦೫–೦೬ರ ಮೂರನೆಯ ಸುತ್ತಿನಲ್ಲಿಯೂ ೨೦೧೫–೧೬ರ ನಾಲ್ಕನೆಯ ಸುತ್ತಿನಲ್ಲಿಯೂ ತಾಯಂದಿರನ್ನು ಕೇಳಿದ ಪ್ರಶ್ನೆಗಳಲ್ಲಿ, ರಕ್ತಸ್ರಾವ, ಸೆಳವು, ಹೆರಿಗೆ ಬಹಳ ಹೊತ್ತು ಹಿಡಿಯುವುದು ಇವು ಅಪಾಯದ ಸೂಚನೆಗಳೆಂದು ಬಸಿರಿನ ಕಾಲದಲ್ಲಿ ನಿಮಗೆ ಯಾರಾದರೂ ಹೇಳಿದ್ದರೇ, ಅಪಾಯ ಒದಗಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಸಿದ್ದರೇ ಎಂಬುವೂ ಸೇರಿದ್ದವು. ಇದು ತೃಪ್ತಿಯ ಪ್ರಶ್ನೆಯಲ್ಲ, ಸಂಗತಿಯ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಗರ್ಭಿಣಿ ಯಾರನ್ನೂ ಹೊಗಳಬೇಕಾಗಿಲ್ಲ, ತೆಗಳಬೇಕಾಗಿಲ್ಲ. ಹೇಳಿದರು ಅಥವಾ ಹೇಳಲಿಲ್ಲ ಎಂದರಾಯಿತು. ಜನನಾಂತರ ಕೇಳುವ ಪ್ರಶ್ನೆಗಳ ಮೊದಲ ಸಾಲಿನಲ್ಲಿ ಇಂಥವೇ ಇರಬೇಕು: ನಿಮಗೆ ಏನು ಹೇಳಿದರು, ನೀವು ಏನು ಕೇಳಿದಿರಿ, ಕೇಳಬೇಕೆಂದಿದ್ದು ಕೇಳದೆ ಬಿಟ್ಟದ್ದು ಯಾವುದು? ತೃಪ್ತಿಯ ಪ್ರಶ್ನೆ ಬೇಕಾದರೆ ಕೊನೆಗೆ ಬರಲಿ. ಮೊದಲಿನ ಉತ್ತರಗಳ ಬೆಳಕಿನಲ್ಲಿ ಓದಿದಾಗ ಮಾತ್ರ ಅದಕ್ಕೆ ಅರ್ಥವುಂಟು.